ಜೀಪಿನ ಮುಂದಿನ ಕಬ್ಬಿಣ

ಹೊಸ ಪಿಕಪ್ ಮನೆಗೆ ಬಂದು ಮೂರು ವಾರ ಆಯಿತು. ಈ ಮೂರು ವಾರದಲ್ಲಿ ನಾಪೋಕ್ಲು ಪೇಟೆಯಲ್ಲಿ ಸಿಕ್ಕಿದವರೆಲ್ಲ ಕೇಳಿದ್ದು ಎರಡೇ ಪ್ರಶ್ನೆ. "ಎಷ್ಟು ಮೈಲೇಜ್ ಕೊಡ್ತದೆ?" ಅಂತ ಒಂದು. "ಮುಂದೆ ಗಾರ್ಡ್ ಹಾಕ್ಸಿಲ್ವಾ?" ಅಂತ ಇನ್ನೊಂದು. ಮೊದಲನೆಯದಕ್ಕೆ ಸುಳ್ಳು ಹೇಳಿದೆ (ಎಲ್ಲರೂ ಹೇಳ್ತಾರೆ ಬಿಡಿ :-) ). ಎರಡನೆಯದಕ್ಕೆ ಉತ್ತರ ಹುಡುಕುತ್ತಾ ಹೋದವನು ಎರಡನೇ ಮಹಾಯುದ್ಧದವರೆಗೂ ಹೋಗಿಬಿಟ್ಟೆ. ಅದನ್ನೇ ಇಲ್ಲಿ ಬರೆದಿಡೋಣ ಅನ್ನಿಸಿತು. ಸ್ವಲ್ಪ ಉದ್ದ ಆಗ್ತದೆ, ಕಾಫಿ ಮಾಡಿಕೊಂಡು ಬಂದು ಕೂತ್ಕೊಳ್ಳಿ.

ಗಾರ್ಡ್ ಅಂದ್ರೆ ಗೊತ್ತಲ್ಲ? ಜೀಪು, ಪಿಕಪ್‌ಗಳ ಮುಂದೆ ಬಂಪರಿನ ಮೇಲೆ ಕಬ್ಬಿಣದ ಪೈಪು ಬಗ್ಗಿಸಿ ಕೂರಿಸಿರ್ತಾರಲ್ಲ, ಅದು. ಬುಲ್ ಬಾರ್, ಕ್ರಾಶ್ ಗಾರ್ಡ್ ಅಂತಲೂ ಹೇಳ್ತಾರೆ. ಕೆಲವರು ಕಂಪನಿ ಕೊಟ್ಟ ಬಂಪರನ್ನೇ ಬಿಚ್ಚಿ ಬಿಸಾಕಿ ದಪ್ಪ ಉಕ್ಕಿನ ಬಂಪರ್ ಹಾಕಿಸ್ತಾರೆ. ಕೊಡಗಿನಲ್ಲಿ ಇದು ಶೋಕಿ ಮಾತ್ರ ಅಲ್ಲ. ಗಾರ್ಡ್ ಇಲ್ಲದ ಜೀಪು ಅಂದ್ರೆ ನಮ್ಮ ಹಿರಿಯರ ಲೆಕ್ಕದಲ್ಲಿ ಮೀಸೆ ಬೋಳಿಸಿಕೊಂಡ ಗಂಡಸು ಇದ್ದ ಹಾಗೆ.

ನಮ್ಮ ಅಪ್ಪನ ಜೀಪಿಗೂ ಒಂದು ಗಾರ್ಡ್ ಇತ್ತು. ಅಂಗಡಿಯಲ್ಲಿ ಕೊಂಡದ್ದಲ್ಲ. ಕಾಫಿ ಹೂವಿಗೆ ನೀರು ಹೊಡೆಯುವ ಸ್ಪ್ರಿಂಕ್ಲರಿನ ಹಳೇ ಪೈಪನ್ನು ಕತ್ತರಿಸಿ, ಬಗ್ಗಿಸಿ, ವೆಲ್ಡ್ ಮಾಡಿಸಿದ್ದು. ಎರಡು ಜನ ಸೇರದೆ ಎತ್ತಲಿಕ್ಕೆ ಆಗ್ತಿರಲಿಲ್ಲ. ಮಾಡಿಕೊಟ್ಟ ಮೇಸ್ತ್ರಿ "ಆನೆ ಗುದ್ದಿದ್ರೂ ಎಂಥ ಆಗುದಿಲ್ಲ" ಅಂದಿದ್ರಂತೆ. ಆನೆ ಗುದ್ದಿದರೆ ಗಾರ್ಡಿಗೆ ಎಂಥದೂ ಆಗದೆ ಇರಬಹುದು, ಗಾರ್ಡಿನ ಹಿಂದೆ ಇರುವ ಜೀಪು ಮಾತ್ರ ತೋಡಿನಲ್ಲಿ ಇರ್ತದೆ ಅಂತ ಅವರಿಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು.

ಈಗ ಇತಿಹಾಸಕ್ಕೆ ಬರ್ತೇನೆ.

ಪ್ರಾಣಿಗಳಿಂದ ಗಾಡಿಯ ಮೂತಿ ಉಳಿಸಿಕೊಳ್ಳುವ ಉಪಾಯ ಮೋಟಾರಿಗಿಂತ ಹಳೆಯದು. 1830ರ ದಶಕದಲ್ಲೇ ರೈಲು ಇಂಜಿನ್ನಿನ ಮುಂದೆ ದನಗಳನ್ನು ಹಳಿಯಿಂದ ಬದಿಗೆ ತಳ್ಳುವ ಚೌಕಟ್ಟು ಕಟ್ಟಬೇಕು ಅಂತ ಯೋಚಿಸಿದವರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಒಬ್ಬ. ಹೌದು, ಕಂಪ್ಯೂಟರಿನ ಪಿತಾಮಹ ಅಂತ ಓದಿದ್ದೇವಲ್ಲ, ಅದೇ ಬ್ಯಾಬೇಜ್! ನಮ್ಮ ಜಿಲ್ಲೆಗೆ ರೈಲೇ ಇಲ್ಲ, ಹಾಗಾಗಿ ಆ ಕಥೆ ನಮಗೆ ಬೇಡ. ಆಸ್ಟ್ರೇಲಿಯಾದವರದ್ದು ಬೇರೆ ಕಷ್ಟ. ನೂರಾರು ಮೈಲಿ ಮನೆಯೇ ಇಲ್ಲದ ರಸ್ತೆ, ರಾತ್ರಿ ದೀಪಕ್ಕೆ ಎದುರು ಹಾರಿ ಬರುವ ಕಾಂಗರೂ. ಅಲ್ಲಿ ರೇಡಿಯೇಟರ್ ಒಡೆದರೆ ನೀರಿಲ್ಲದೆ ಸಾಯಬೇಕು. ಬುಲ್ ಬಾರ್, ರೂ ಬಾರ್ ಅನ್ನುವ ಹೆಸರುಗಳು ಅಲ್ಲಿಯವೇ.

ಆದರೆ ನಮ್ಮ ಜೀಪಿನ ಮುಂದೆ ಕಬ್ಬಿಣ ಬಂದದ್ದು ಕಾಂಗರೂ ದಾರಿಯಿಂದಲ್ಲ, ಯುದ್ಧದ ದಾರಿಯಿಂದ. 1940ರಲ್ಲಿ ಅಮೆರಿಕದ ಸೈನ್ಯ ಒಂದು ಹಗುರ ಗಾಡಿ ಬೇಕು ಅಂತ ಕೇಳಿತು. ಬ್ಯಾಂಟಮ್ ಅನ್ನುವ ಸಣ್ಣ ಕಂಪನಿ ಮೊದಲ ಮಾದರಿ ಮಾಡಿತು. ಆಮೇಲೆ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಯುದ್ಧ ಮುಗಿಯುವುದರೊಳಗೆ ಸುಮಾರು 6.4 ಲಕ್ಷ ಜೀಪು ಮಾಡಿದವು. ಶುರುವಿನ ವಿಲ್ಲಿಸ್ ಜೀಪುಗಳ ಮೂತಿ ನೋಡಿದರೆ ನಮ್ಮ ಕಿಟಕಿಯ ಸರಳಿನ ಹಾಗೆಯೇ ಇದೆ. ಕಬ್ಬಿಣದ ಪಟ್ಟಿಗಳನ್ನು ಒಂದರ ಪಕ್ಕ ಒಂದು ವೆಲ್ಡ್ ಮಾಡಿ ರೇಡಿಯೇಟರಿನ ಮುಂದೆ ನಿಲ್ಲಿಸಿದ್ದು. 1942ರ ಹೊತ್ತಿಗೆ ಅದು ಹೋಗಿ, ಫೋರ್ಡಿನವರು ತಗಡನ್ನು ಒತ್ತಿ ಮಾಡಿದ ಒಂಬತ್ತು ಸೀಳಿನ ಜಾಲರಿ ಬಂತು. ಹಗುರ, ಅಗ್ಗ. ಹೆಡ್‌ಲೈಟುಗಳು ಆ ಜಾಲರಿಯ ಹಿಂದೆ ಒಳಕ್ಕೆ ಕೂತಿದ್ದವು. ಬೇಕಾದರೆ ಅವನ್ನು ಹಿಂದಕ್ಕೆ ತಿರುಗಿಸಿ ಇಂಜಿನ್ ರಿಪೇರಿಗೆ ಬೆಳಕು ಮಾಡಿಕೊಳ್ಳಬಹುದಿತ್ತು! ಅಂದರೆ ಆ ಗಾಡಿಯ ಜಾಲರಿಯೇ ಅದರ ಗಾರ್ಡ್. ಇನ್ನೊಂದು ಹಾಕುವ ಅಗತ್ಯ ಅವರಿಗೆ ಕಾಣಲಿಲ್ಲ.

ಆದರೂ ಒಂದು ಹೆಚ್ಚಿನ ಕಬ್ಬಿಣ ಬಂತು. ಯುರೋಪಿನಲ್ಲಿ ಶತ್ರುಗಳು ರಸ್ತೆಗೆ ಅಡ್ಡವಾಗಿ ಕುತ್ತಿಗೆ ಮಟ್ಟಕ್ಕೆ ತಂತಿ ಬಿಗಿಯುತ್ತಿದ್ದರು. ಜೀಪಿನವರು ಮುಂದಿನ ಗಾಜು ಮಡಚಿ ಓಡಿಸುತ್ತಿದ್ದರು, ತಂತಿ ಕಾಣುವುದಿಲ್ಲ... ಮುಂದೆ ಹೇಳುವುದು ಬೇಡ. ಅದಕ್ಕೆ ಬಂಪರಿನ ನಡುವೆ ನೆಟ್ಟಗೆ ಒಂದು ಆಂಗಲ್ ಕಂಬ ವೆಲ್ಡ್ ಮಾಡಿ, ತುದಿಯಲ್ಲಿ ತಂತಿ ಕತ್ತರಿಸುವ ಕೊಕ್ಕೆ ಬಿಟ್ಟರು. ಅದು ಕಾರ್ಖಾನೆಯ ಮಾಲಲ್ಲ, ಅಲ್ಲಲ್ಲೇ ಸೈನ್ಯದ ವರ್ಕ್‌ಶಾಪಿನಲ್ಲಿ ಮಾಡಿಕೊಂಡದ್ದು. ಜೀಪಿನ ಮೂತಿಗೆ ಬೇಕಾದ್ದನ್ನು ವೆಲ್ಡ್ ಮಾಡಿಕೊಳ್ಳುವ ಬುದ್ಧಿ ನಮ್ಮ ಮೇಸ್ತ್ರಿಗಳಿಗಿಂತ ಮುಂಚೆ ಸಿಪಾಯಿಗಳಿಗಿತ್ತು ಅಂತಾಯ್ತು.

ಯುದ್ಧ ಮುಗಿಯಿತು. 1945ರಲ್ಲಿ ಮಹೀಂದ್ರ ಸಹೋದರರು ಮಲಿಕ್ ಗುಲಾಮ್ ಮೊಹಮ್ಮದ್ ಜೊತೆ ಸೇರಿ ಉಕ್ಕಿನ ವ್ಯಾಪಾರಕ್ಕೆ ಒಂದು ಕಂಪನಿ ತೆರೆದರು, ಹೆಸರು ಮಹೀಂದ್ರ ಅಂಡ್ ಮೊಹಮ್ಮದ್. ದೇಶ ಒಡೆದಾಗ ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಮೊದಲ ಹಣಕಾಸು ಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ ಕೂಡ ಆದರು. ಇಲ್ಲಿ ಉಳಿದ ಕಂಪನಿ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಬಿಡಿಭಾಗಗಳಾಗಿ ಹಡಗಿನಲ್ಲಿ ಬಂದ ವಿಲ್ಲಿಸ್ ಜೀಪುಗಳನ್ನು ಬೊಂಬಾಯಿಯಲ್ಲಿ ಜೋಡಿಸಿ ಮಾರಲು ಶುರು ಮಾಡಿದ್ದೂ ಆ ಕಾಲದಲ್ಲೇ. ಆಮೇಲೆ ಬಂದದ್ದು ಎತ್ತರ ಬಾನೆಟ್ಟಿನ ಸಿಜೆ3ಬಿ. ಅಮೆರಿಕದಲ್ಲಿ ಅದು 1953ರಲ್ಲಿ ಬಂದು 1968ಕ್ಕೆ ನಿಂತಿತು, ನಮ್ಮಲ್ಲಿ ಅದರ ವಂಶ ದಶಕಗಟ್ಟಲೆ ಬೆಳೆಯಿತು. ಕೊಡಗಿನವರು "ಜೀಪು" ಅಂದಾಗ ಕಣ್ಣ ಮುಂದೆ ಬರುವುದು ಈ ಮೂತಿಯೇ.

ನಾಪೋಕ್ಲಿನಿಂದ ಕಕ್ಕಬ್ಬೆ ಕಡೆಗೆ, ನಾಲ್ಕುನಾಡು ಅರಮನೆ ದಾಟಿ ತಡಿಯಂಡಮೋಳ್ ಬುಡದ ವರೆಗೆ ಹೋದವರಿಗೆ ಆ ದಾರಿಗಳು ಗೊತ್ತು. ಮೇಲಿನ ಏಲಕ್ಕಿ ಮಲೆಗಳಿಗೆ ಹೋಗುವ ದಾರಿ ಅಂದ್ರೆ ಎರಡು ಚಕ್ರದ ಗುರುತು, ನಡುವೆ ಕಲ್ಲು, ಎರಡೂ ಕಡೆ ಬಿದಿರು. ಮಳೆಗಾಲದಲ್ಲಿ ಬಿದಿರು ಬಾಗಿ ದಾರಿಗೇ ಬಂದಿರ್ತದೆ. ಜೀಪಿನ ರೇಡಿಯೇಟರ್ ಜಾಲರಿಯ ಹಿಂದೆ ಒಂದು ಗೇಣು ದೂರದಲ್ಲಿ ಇರುವುದು. ಮುರಿದ ಬಿದಿರಿನ ತುದಿಯೊಂದು ಸೀಳಿನೊಳಗೆ ಹೊಕ್ಕರೆ ಸಾಕು, ಜಿಗಣೆ ಕಚ್ಚಿಸಿಕೊಂಡು ನಡೆದೇ ಬರಬೇಕು. ಅಂಥ ಕಡೆ ಪೈಪಿನ ಗಾರ್ಡ್ ನ್ಯಾಯವಾದ ವಸ್ತು. ಬಿದಿರನ್ನು ಒತ್ತಿ ಸರಿಸ್ತದೆ, ಹಗ್ಗ ಕಟ್ಟಲಿಕ್ಕೆ ಆಗ್ತದೆ, ಇಳಿಜಾರಿನಲ್ಲಿ ಮಣ್ಣಿನ ದರೆಗೆ ಗುದ್ದಿ ನಿಲ್ಲಿಸಿದರೂ ಲೈಟು ಉಳೀತದೆ. ದಾರಿಯಲ್ಲಿ ಮನುಷ್ಯರು ಸಿಗುವುದೇ ಅಪರೂಪ, ವೇಗ ಎತ್ತು ನಡೆದಷ್ಟು. ಅಪ್ಪನ ಕಾಲದವರನ್ನು ನಾನು ತಮಾಷೆ ಮಾಡುವುದಿಲ್ಲ.

ಬದಲಾದದ್ದು ಎರಡು. ಒಂದು, ದಾರಿ. ಟಾರು ಬಂತು, ಜನ ಹೆಚ್ಚಾದರು. ಎರಡನೆಯದು, ಗಾಡಿ. 1988ರಲ್ಲಿ ಟಾಟಾಮೊಬೈಲ್ ಪಿಕಪ್, 1994ರಲ್ಲಿ ಸುಮೋ, 2000ದಲ್ಲಿ ಬೊಲೆರೋ, 2002ರಲ್ಲಿ ಸ್ಕಾರ್ಪಿಯೋ. ಕಾಡಿನ ಮುಖ ನೋಡದ ಗಾಡಿಗಳ ಮುಂದೂ ಮಿರಿ ಮಿರಿ ಹೊಳೆಯುವ ಸ್ಟೀಲ್ ಪೈಪು ಬಂತು. ಬೆಂಗಳೂರಿನಲ್ಲಿ ಕಾಲೇಜು ಓದ್ತಿದ್ದಾಗ ಸಿಗ್ನಲ್ಲಿನಲ್ಲಿ ನಿಂತ ಅಂಥ ಗಾಡಿಗಳನ್ನು ನೋಡಿ, ಇವರಿಗೆ ಯಾವ ಬಿದಿರು ಅಡ್ಡ ಬರ್ತದಪ್ಪಾ ಅಂತ ಅನ್ನಿಸ್ತಿತ್ತು.

ಇನ್ನು ಆ ಸಂಜೆಯ ವಿಷಯ. ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಜೂನ್ ತಿಂಗಳು, ನಾನಾಗ ಏಳನೇ ಕ್ಲಾಸು. ಮಂಜು ಇಳಿದಿತ್ತು. ಅಪ್ಪ ನನ್ನನ್ನು ಕೂರಿಸಿಕೊಂಡು ಪೇಟೆಯಿಂದ ಬರ್ತಿದ್ರು. ವೇಗ ಹದಿನೈದೋ ಇಪ್ಪತ್ತೋ. ತಿರುವಿನಲ್ಲಿ ನಮ್ಮದೇ ಲೈನ್ ಮನೆಯ ಕೆಲಸದವರೊಬ್ಬರು ತಲೆಗೆ ಗೋಣಿ ಕೊಪ್ಪೆ ಹಾಕಿಕೊಂಡು ರಸ್ತೆ ದಾಟಿದರು. ಅಪ್ಪ ಬ್ರೇಕ್ ಒತ್ತಿದರು, ಜೀಪು ಸ್ವಲ್ಪ ಜಾರಿತು. ದೊಡ್ಡ ಸದ್ದೂ ಆಗಲಿಲ್ಲ. ಗಾರ್ಡಿನ ಕೆಳಗಿನ ಪೈಪು ಅವರ ತೊಡೆಗೆ ತಗುಲಿತ್ತು. ಅಪ್ಪ ಅವರನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ ಮಡಿಕೇರಿಗೆ ಹೋದರು. ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ಬದುಕಿದರು, ಖರ್ಚೆಲ್ಲ ಅಪ್ಪನೇ ನೋಡಿಕೊಂಡರು, ಆದರೆ ಆ ಕಾಲು ಗಿಡ್ಡವಾಗಿಯೇ ಉಳಿಯಿತು. ಆಮೇಲೆ ಅವರು ಮರ ಹತ್ತಿ ಮೆಣಸು ಕುಯ್ಯಲಿಲ್ಲ. ಕಣದಲ್ಲಿ ಕಾಫಿ ಹರಡುವ ಕೆಲಸ ಮಾತ್ರ.

ಮರುದಿನ ಬೆಳಿಗ್ಗೆ ನಾನು ಜೀಪಿನ ಮುಂದೆ ಹೋಗಿ ನೋಡಿದ್ದೆ. ಪೈಪಿನ ಮೇಲೆ ಒಂದು ಗೀರೂ ಇರಲಿಲ್ಲ.

ಅದು ಯಾಕೆ ಹಾಗೆ ಅಂತ ಅರ್ಥ ಆದದ್ದು ಈಗ ಓದಿದ ಮೇಲೆ. ಗಾಡಿ ಗಟ್ಟಿಯಾಗಿದ್ದಷ್ಟೂ ಕ್ಷೇಮ ಅಂತ ಮೊದಲು ಎಲ್ಲರೂ ನಂಬಿದ್ದರು. ಮರ್ಸಿಡಿಸ್ ಕಂಪನಿಯ ಇಂಜಿನಿಯರ್ ಬೇಲಾ ಬರೇನಿ ಅನ್ನುವವರು 1950ರ ದಶಕದ ಶುರುವಿನಲ್ಲಿ ಅದನ್ನು ತಲೆಕೆಳಗು ಮಾಡಿದರು. ಜನ ಕೂರುವ ಜಾಗ ಮಾತ್ರ ಗಟ್ಟಿ ಇರಲಿ, ಮುಂದಿನ ಮತ್ತು ಹಿಂದಿನ ಭಾಗ ಬೇಕಂತಲೇ ಮಡಚಿಕೊಳ್ಳಲಿ, ಗುದ್ದಿನ ಶಕ್ತಿಯನ್ನು ಆ ಮಡಚುವಿಕೆಯೇ ನುಂಗಲಿ ಅಂತ. 1959ರಲ್ಲಿ ಅಂಥ ಕಾರು ಮಾರುಕಟ್ಟೆಗೂ ಬಂತು. ಇವತ್ತಿನ ಗಾಡಿಯ ಪ್ಲಾಸ್ಟಿಕ್ ಬಂಪರ್ ನೋಡಿ ನಾವು "ಥೂ, ಬೆರಳಲ್ಲಿ ಒತ್ತಿದ್ರೆ ಒಳಗೆ ಹೋಗ್ತದೆ" ಅಂತ ನಗ್ತೇವಲ್ಲ, ಅದು ಬರೀ ಹೊದಿಕೆ. ಅದರ ಹಿಂದೆ ಅಡ್ಡ ತೊಲೆ, ತೊಲೆಯ ಹಿಂದೆ ನಜ್ಜುಗುಜ್ಜಾಗಲೆಂದೇ ಇಟ್ಟ ಭಾಗ, ಅದರ ಹಿಂದೆ ಚಾಸಿ. ನಾವು ಗಾರ್ಡನ್ನು ನೇರವಾಗಿ ಚಾಸಿಗೆ ಬೋಲ್ಟ್ ಹಾಕಿದರೆ ಈ ನಡುವಿನದಕ್ಕೆಲ್ಲ ಕೆಲಸವೇ ಇಲ್ಲ. ಗುದ್ದು ನೇರ ಚಾಸಿಗೆ, ಅಲ್ಲಿಂದ ಒಳಗೆ ಕೂತವರಿಗೆ. ಏರ್‌ಬ್ಯಾಗ್ ಇದ್ದರೆ, ವೇಗ ಎಷ್ಟು ಬೇಗ ಕುಸಿಯುತ್ತದೆ ಅಂತ ನೋಡಿ ಅದನ್ನು ಬಿಡಿಸುವ ಸೆನ್ಸರಿನ ಲೆಕ್ಕವೂ ತಪ್ಪಬಹುದು. ಹೊರಗೆ ನಡೆದು ಹೋಗುವವರಿಗೆ? ಅಗಲವಾದ ಬಾನೆಟ್ಟು ತಗುಲಿದರೆ ಪೆಟ್ಟು ಹರಡ್ತದೆ. ಎರಡಿಂಚು ಪೈಪು ತಗುಲಿದರೆ ಅಷ್ಟೂ ಪೆಟ್ಟು ಎರಡಿಂಚಿಗೇ. ದೊಡ್ಡವರಿಗೆ ತೊಡೆ, ಸೊಂಟ. ಶಾಲೆ ಮಕ್ಕಳಿಗೆ ಎದೆ, ತಲೆ. ಯುರೋಪಿನವರು 2005ರಲ್ಲೇ ಇದಕ್ಕೆ ಕಾನೂನು ಮಾಡಿ, ಪರೀಕ್ಷೆ ಪಾಸಾಗದ ಗಡಸು ಗಾರ್ಡುಗಳಿಗೆ ಬಾಗಿಲು ಹಾಕಿದರು.

ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ತಯಾರಕರ ನಮೂನೆಗಿಂತ ಬೇರೆಯಾಗಿ ಗಾಡಿಯನ್ನು ಬದಲಿಸಬಾರದು ಅನ್ನುವುದು 2000ದ ತಿದ್ದುಪಡಿಯಿಂದ ಬಿಗಿಯಾಯಿತು. ಆದರೆ ಗಾರ್ಡಿನ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಎಲ್ಲ ರಾಜ್ಯಗಳಿಗೆ ಪತ್ರ ಬರೆದು, ಕ್ರಾಶ್ ಗಾರ್ಡ್, ಬುಲ್ ಬಾರ್ ಈ ಸೆಕ್ಷನ್ನಿನ ಉಲ್ಲಂಘನೆ, ಕ್ರಮ ತಗೊಳ್ಳಿ ಅಂದಿತು. 2019ರ ಜನವರಿಯಲ್ಲಿ, ನಮ್ಮ ಪಕ್ಕದ ಕೇರಳದಿಂದ ಹೋದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರ ಮೂಲ ನಮೂನೆಯನ್ನು ಮಾಲೀಕ ಬದಲಿಸುವ ಹಾಗಿಲ್ಲ ಅಂತ ತೀರ್ಪು ಕೊಟ್ಟಿತು. ಅದೇ ವರ್ಷದ ಸೆಪ್ಟೆಂಬರಿನಿಂದ ದಂಡವೂ ಏರಿತು, ಒಂದೊಂದು ಬದಲಾವಣೆಗೆ 5,000 ರೂಪಾಯಿ, ಇಲ್ಲವೇ ಆರು ತಿಂಗಳ ವರೆಗೆ ಜೈಲು, ಅಥವಾ ಎರಡೂ. ಇಷ್ಟೆಲ್ಲ ಇದ್ದರೂ ನಮ್ಮ ಸಂತೆ ದಿನ ರಸ್ತೆ ಬದಿ ನಿಂತು ಎಣಿಸಿ ನೋಡಿ, ಬೆರಳು ಸಾಲುವುದಿಲ್ಲ.

"ಹಾಗಾದ್ರೆ ಮಳೆಗಾಲದಲ್ಲಿ ಎಂಥ ಮಾಡುದು?" ಅಂತ ನನ್ನ ಚಿಕ್ಕಪ್ಪ ಕೇಳಿದರು. ನ್ಯಾಯವಾದ ಪ್ರಶ್ನೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದ್ದನ್ನು ನೋಡಿದ ಜಿಲ್ಲೆ ನಮ್ಮದು. ಕೆಸರಿನಿಂದ ಗಾಡಿ ಎಳೆಯುವುದು ನಮಗೆ ಆಟ ಅಲ್ಲ. ಆದರೆ ಪಿಕಪ್ಪಿನ ಕೆಳಗೆ ಬಗ್ಗಿ ನೋಡಿದೆ. ಎಳೆಯುವ ಕೊಕ್ಕೆ ಕಂಪನಿಯವರೇ ಚಾಸಿಗೆ ಕೂರಿಸಿ ಕೊಟ್ಟಿದ್ದಾರೆ. ಹಗ್ಗ ಕಟ್ಟಬೇಕಾದ್ದು ಅದಕ್ಕೆ. ಗಾರ್ಡಿಗೆ ಹಗ್ಗ ಕಟ್ಟಿ ಎಳೆದು ಗಾರ್ಡೇ ಕಿತ್ತು ಬಂದದ್ದನ್ನು ನಾನೇ ಒಮ್ಮೆ ನೋಡಿದ್ದೇನೆ, ಚಿಕ್ಕಪ್ಪನ ಜೀಪಿನದ್ದೇ :-) ಅವರು ಸುಮ್ಮನಾದರು. ಮಂಜಿನ ವಿಷಯಕ್ಕೆ ಬಂದರೆ, ಗಾರ್ಡಿನ ಪೈಪು ಲೈಟಿಗೆ ಅಡ್ಡ ನಿಂತು ಇಂಡಿಕೇಟರನ್ನೂ ಮರೆಮಾಡುವುದೇ ಹೆಚ್ಚು.

ಮೈಸೂರಿನ ಒಂದು ಅಂಗಡಿಯಲ್ಲಿ ಉಕ್ಕಿನ ಬಂಪರನ್ನೂ ನೋಡಿ ಬಂದೆ. ನೋಡಲಿಕ್ಕೆ ಚೆಂದ ಇದೆ, ಸುಳ್ಳು ಹೇಳುವುದಿಲ್ಲ. ಅಂಗಡಿಯ ಹುಡುಗ "ಸಾರ್, ಕೊಡಗಿನವರೆಲ್ಲ ಇದನ್ನೇ ತಗೊಳ್ತಾರೆ" ಅಂದ. ಇನ್ಶೂರೆನ್ಸಿನವರು ಒಪ್ತಾರಾ ಅಂತ ಕೇಳಿದೆ. "ಅದೆಲ್ಲ ಯಾರು ನೋಡ್ತಾರೆ ಸಾರ್" ಅಂದ. ಕ್ಲೇಮಿನ ದಿನ ನೋಡ್ತಾರಪ್ಪಾ ಅಂತ ಮನಸ್ಸಿನಲ್ಲೇ ಅಂದುಕೊಂಡು ಎದ್ದು ಬಂದೆ. ಹಾಕಿಸಲಿಲ್ಲ. ಕಂಪನಿಯ ಪ್ಲಾಸ್ಟಿಕ್ ಬಂಪರೇ ಇದೆ, ಮೊನ್ನೆ ಗೇಟಿಗೆ ತಾಗಿ ಎಡ ಮೂಲೆ ಆಗಲೇ ಸ್ವಲ್ಪ ಗೀರಿದೆ.

ಅಪ್ಪನ ಜೀಪು ಮಾರಿ ಬಹಳ ವರ್ಷ ಆಯಿತು. ಮಾರುವ ಮೊದಲು ಅಪ್ಪ ಗಾರ್ಡನ್ನು ಬಿಚ್ಚಿಸಿ ಇಟ್ಟುಕೊಂಡರು. ಕೊಂಡವರು ಬೇಕು ಅಂತ ಕೇಳಿದರೂ ಕೊಡಲಿಲ್ಲ, ಯಾಕೆ ಅಂತ ಹೇಳಲೂ ಇಲ್ಲ. ಈಗ ಅದು ಕಣದ ಪಕ್ಕ ನೆಟ್ಟಗೆ ಹೂತು ನಿಂತಿದೆ, ಮೇಲೆ ಫ್ಯಾಶನ್ ಫ್ರೂಟ್ ಬಳ್ಳಿ ಹಬ್ಬಿದೆ. ಈ ಸಲ ಚೆನ್ನಾಗಿ ಕಾಯಿ ಬಿಟ್ಟಿದೆ.

ನಿಮ್ಮ ಮನೆಯ ಹಳೇ ಜೀಪಿನ ಫೋಟೋ ಇದ್ದರೆ ನಿಮ್ಮ ಬ್ಲಾಗಿನಲ್ಲಿ ಹಾಕಿ, ನೋಡುವ ಆಸೆ ಇದೆ. ಮೂತಿ ಕಾಣುವ ಹಾಗೆ ತೆಗೆದದ್ದಾದರೆ ಇನ್ನೂ ಒಳ್ಳೆಯದು.