ಮೂರು ಸಲ ಚಾಂಪಿಯನ್ ಆದ ಕೋಚ್ ಎಲ್ಲಿ ಹೋದರು?

ಇಟಲಿಯ ಮಿಲಾನ್ ನಗರದ ದೊಡ್ಡ ಫುಟ್‌ಬಾಲ್ ಮೈದಾನಕ್ಕೆ ಜುಸೆಪ್ಪೆ ಮೆಯಾತ್ಸಾ ಎಂಬ ಆಟಗಾರರ ಹೆಸರಿದೆ. 1934 ಮತ್ತು 1938ರಲ್ಲಿ ವಿಶ್ವಕಪ್ ಗೆದ್ದ ಇಟಲಿ ತಂಡದಲ್ಲಿ ಇದ್ದವರು ಅವರು. 17ನೇ ವಯಸ್ಸಿಗೇ ಅವರನ್ನು ದೊಡ್ಡವರ ತಂಡದಲ್ಲಿ ಆಡಿಸಿದ ಕೋಚ್ ಒಬ್ಬರಿದ್ದರು. ಆ ಕೋಚ್ ಹೆಸರನ್ನು ಮಾತ್ರ ಇಟಲಿ ಹೆಚ್ಚುಕಮ್ಮಿ 60 ವರ್ಷ ಮರೆತೇಬಿಟ್ಟಿತ್ತು. ಅವರು ಅರ್ಪಾದ್ ವೈಸ್.

ವೈಸ್ ಹುಟ್ಟಿದ್ದು 1896ರಲ್ಲಿ, ಹಂಗೇರಿಯ ಶೋಲ್ತ್ ಎಂಬ ಸಣ್ಣ ಊರಿನ ಯಹೂದಿ ಮನೆಯಲ್ಲಿ. ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿ ಹೋಗಿ ಇಟಲಿಯವರ ಕೈಗೆ ಸಿಕ್ಕಿಬಿದ್ದು ಸೆರೆಯಲ್ಲಿದ್ದರು. ವಾಪಸ್ ಬಂದು ಎಡಬದಿಯ ವಿಂಗರ್ ಆಗಿ ಆಡಿದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಹಂಗೇರಿ ತಂಡದಲ್ಲೂ ಇದ್ದರು.

ಆ ಕಾಲಕ್ಕೆ ಹಂಗೇರಿಯ ಆಟಗಾರರು, ಕೋಚ್‌ಗಳು ಯುರೋಪಿನ ತುಂಬ ಹರಡಿಕೊಂಡಿದ್ದರು. ಪಾಸ್ ಮಾಡಿ ಆಡುವ ಬುಡಾಪೆಸ್ಟ್ ಶೈಲಿಗೆ ಹೊರಗೆ ಬೆಲೆಯಿತ್ತು. ಊರಲ್ಲಿ ದುಡ್ಡಿಲ್ಲ, ಯಹೂದಿಗಳಿಗೆ ನೆಮ್ಮದಿಯೂ ಇಲ್ಲ; 1920ರಲ್ಲೇ ಕಾಲೇಜುಗಳಲ್ಲಿ ಅವರ ಸಂಖ್ಯೆ ಕಡಿಮೆ ಮಾಡುವ ಕಾನೂನು ಬಂದಿತ್ತು. ವೈಸ್ ಇಟಲಿ ಸೇರಿದರು. ಗಾಯದಿಂದ ಆಟ ನಿಂತಾಗ ಮಿಲಾನ್‌ನ ಇಂಟರ್ ಕ್ಲಬ್‌ಗೆ ಕೋಚ್ ಆದರು.

ಆಗಿನ ಕೋಚ್‌ಗಳು ಕೋಟು, ಟೈ ಹಾಕಿಕೊಂಡು ಅಂಚಿನಲ್ಲಿ ನಿಲ್ಲುತ್ತಿದ್ದರು. ವೈಸ್ ಚಡ್ಡಿ ಹಾಕಿ ಹುಡುಗರ ಜೊತೆ ಮೈದಾನಕ್ಕೆ ಇಳಿಯುತ್ತಿದ್ದರು. ಊಟ ಏನು ಮಾಡಬೇಕು, ಎಷ್ಟು ಓಡಬೇಕು ಎಂಬುದಕ್ಕೂ ಲೆಕ್ಕ ಇಟ್ಟರು. 1930ರಲ್ಲಿ ಇಂಟರ್ ಚಾಂಪಿಯನ್ ಆಯಿತು. ಆ ಸೀಸನ್‌ನಲ್ಲಿ ಮೆಯಾತ್ಸಾ ಒಬ್ಬರೇ 31 ಗೋಲು ಹೊಡೆದಿದ್ದರು. ಕೋಚ್‌ಗೆ ಆಗ ಬರೀ 34 ವರ್ಷ.

1935ರಲ್ಲಿ ಬೊಲೊನ್ಯ ಕ್ಲಬ್ ಅವರನ್ನು ಕರೆಸಿಕೊಂಡಿತು. ಅಲ್ಲಿಯವರೆಗೆ ಯುವೆಂಟಸ್ ಸತತ ಐದು ವರ್ಷ ಗೆದ್ದಿತ್ತು. ಇಡೀ ಸೀಸನ್‌ಗೆ ಬರೀ 14 ಆಟಗಾರರನ್ನು ಬಳಸಿ ವೈಸ್ ಅದನ್ನು ಮುರಿದರು. 1936, 1937 ಎರಡೂ ವರ್ಷ ಬೊಲೊನ್ಯ ಚಾಂಪಿಯನ್. 1937ರಲ್ಲೇ ಪ್ಯಾರಿಸ್ ಟೂರ್ನಿಯ ಫೈನಲ್‌ನಲ್ಲಿ ಇಂಗ್ಲೆಂಡಿನ ಚೆಲ್ಸಿಯನ್ನು 4-1ರಿಂದ ಸೋಲಿಸಿತು.

ಮರುವರ್ಷ, 1938ರ ಸೆಪ್ಟೆಂಬರ್‌ನಲ್ಲಿ, ಮುಸೊಲಿನಿ ಸರ್ಕಾರ ಯಹೂದಿಗಳ ವಿರುದ್ಧ ಕಾನೂನು ತಂದಿತು. 1919ರ ನಂತರ ಬಂದ ವಿದೇಶಿ ಯಹೂದಿಗಳು ಆರು ತಿಂಗಳಲ್ಲಿ ದೇಶ ಬಿಡಬೇಕು. ಯಹೂದಿ ಮಕ್ಕಳಿಗೆ ಸರ್ಕಾರಿ ಶಾಲೆ ಇಲ್ಲ. ಅಕ್ಟೋಬರ್‌ನಲ್ಲಿ ವೈಸ್ ಕೆಲಸ ಬಿಟ್ಟರು. ಅವರು ಕಟ್ಟಿದ ತಂಡ 1939ರಲ್ಲಿ ಮತ್ತೆ ಚಾಂಪಿಯನ್ ಆಯಿತು. ದಾಖಲೆಯಲ್ಲಿ ಆ ಗೆಲುವು ಅವರ ನಂತರ ಬಂದ ಕೋಚ್ ಹೆಸರಿನಲ್ಲಿದೆ.

ಹೆಂಡತಿ, ಮಗ, ಮಗಳ ಜೊತೆ ಮೊದಲು ಪ್ಯಾರಿಸ್, ಅಲ್ಲಿಂದ ನೆದರ್ಲೆಂಡ್ಸ್‌ನ ಡೋರ್ಡ್ರೆಕ್ಟ್ ಊರು. ಅಲ್ಲಿ ಡಿಎಫ್‌ಸಿ ಎಂಬ ಸಣ್ಣ ಕ್ಲಬ್ ಮೇಲಿನ ಲೀಗ್‌ನಿಂದ ಕೆಳಗೆ ಬೀಳುವಂತಿತ್ತು. ವೈಸ್ ಅದನ್ನು ಉಳಿಸಿದರು. 1940ರ ಮೇ ತಿಂಗಳಲ್ಲಿ ಜರ್ಮನ್ ಸೈನ್ಯ ಅಲ್ಲಿಗೂ ಬಂತು. 1941ರಲ್ಲಿ ಕೋಚ್ ಕೆಲಸವೂ ಹೋಯಿತು.

1942ರ ಆಗಸ್ಟ್‌ನಲ್ಲಿ ನಾಲ್ವರನ್ನೂ ಹಿಡಿದರು. ಅಕ್ಟೋಬರ್‌ನಲ್ಲಿ ರೈಲಿಗೆ ಹತ್ತಿಸಿದರು. ಹೆಂಡತಿ, 12 ವರ್ಷದ ಮಗ, 8 ವರ್ಷದ ಮಗಳನ್ನು ಆಶ್‌ವಿಟ್ಜ್‌ನಲ್ಲಿ ವಿಷಾನಿಲ ಕೊಟ್ಟು ಕೊಂದರು. ಮೈಯಲ್ಲಿ ಶಕ್ತಿಯಿದ್ದ ವೈಸ್‌ರನ್ನು ದುಡಿಸಿಕೊಳ್ಳಲು ಬೇರೆ ಮಾಡಿದ್ದರು. 1944ರ ಜನವರಿ 31ರಂದು ಆಶ್‌ವಿಟ್ಜ್‌ನಲ್ಲೇ ಅವರೂ ಸತ್ತರು.

ಯುದ್ಧ ಮುಗಿದ ಮೇಲೆ ಲೀಗ್ ಮತ್ತೆ ಶುರುವಾಯಿತು. ಮೂರು ಸಲ ಚಾಂಪಿಯನ್ ಮಾಡಿದವರು ಏನಾದರು ಎಂಬ ಪ್ರಶ್ನೆ ಇಟಲಿಯಲ್ಲಿ ಏಳಲೇ ಇಲ್ಲ. ಕೊನೆಗೆ ಆ ಪ್ರಶ್ನೆ ಹಿಡಿದು ಹೊರಟವರು ಮತ್ತೆಯೊ ಮರಾನಿ ಎಂಬ ಪತ್ರಕರ್ತ. ಅವರ ಪುಸ್ತಕ ಬಂದದ್ದು 2007ರಲ್ಲಿ. ಆಮೇಲೆ ಬೊಲೊನ್ಯ ಮೈದಾನದಲ್ಲಿ ವೈಸ್ ಹೆಸರಿನ ಫಲಕ ಬಂತು. ಮಿಲಾನ್‌ನಲ್ಲೂ, ಮೆಯಾತ್ಸಾ ಹೆಸರಿನ ಅದೇ ಮೈದಾನದಲ್ಲಿ, ಗುರುವಿನ ಹೆಸರೂ ಬಂತು.