ಗುಡ್ಡದ ಆಚೆ ಮೀನು, ಈಚೆ ಮೀನು: ಕಾವೇರಿ ಗಾಳಗಾರರ ಸಂಘದ ಕತೆ

ಕೆಮ್ಮಣ್ಣುಗುಂಡಿಗೆ ಬಂದವರು ರಾಜಭವನದ ಮುಂದೆ ನಿಂತು ಸೂರ್ಯಾಸ್ತ ನೋಡುತ್ತಾರೆ, ಝಡ್ ಪಾಯಿಂಟಿಗೆ ನಡೆದು ಫೋಟೊ ತೆಗೆಸಿಕೊಳ್ಳುತ್ತಾರೆ. ಅಲ್ಲಿ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ ಅಂತ ಕೇಳುವವರು ಕಡಿಮೆ. ಹೆಬ್ಬೆ ಜಲಪಾತದ ಕಡೆ ಇಳಿದ ನೀರು ಭದ್ರೆಗೆ ಹೋಗಿ, ಲಕ್ಕವಳ್ಳಿ ಅಣೆಕಟ್ಟು ದಾಟಿ, ಕೂಡಲಿಯಲ್ಲಿ ತುಂಗೆಯ ಕೈ ಹಿಡಿದು ಕೊನೆಗೆ ಕೃಷ್ಣೆ ಸೇರುತ್ತದೆ. ಇದೇ ಬಾಬಾಬುಡನ್‌ಗಿರಿ ಸಾಲಿನಿಂದ ಚಿಕ್ಕಮಗಳೂರಿನ ಕಡೆ ಇಳಿದ ನೀರು ಯಗಚಿಯಾಗಿ, ಬೇಲೂರು ಹಾದು, ಹೇಮಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಒಂದೇ ಗುಡ್ಡದ ಸಾಲು, ಎರಡು ಹೊಳೆ ಸಂಸಾರ. ಎರಡೂ ಕಡೆಯ ಮೀನುಗಳೂ ಬೇರೆ ಬೇರೆ.

ಈ ಬೇರೆ ಅನ್ನುವುದು ಗೊತ್ತಾಗದೆ ಹೋದದ್ದಕ್ಕೆ ಏನಾಯಿತು ಅನ್ನುವುದೇ ಇವತ್ತಿನ ಕತೆ. ಇದರಲ್ಲಿ ಕೆಟ್ಟವರು ಯಾರೂ ಇಲ್ಲ. ಅದೇ ಬೇಜಾರಿನ ಸಂಗತಿ.

ಮೀನಿನ ಹೆಸರು ಮಹಶೀರ್. ಕಾವೇರಿ ದಂಡೆಯವರು ಬಿಳಿಮೀನು ಅನ್ನುತ್ತಾರೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ನೀವು ಮಂಡಕ್ಕಿ ಎಸೆದಾಗ ಬಾಯಿ ತೆರೆದು ಬರುವ ದೊಡ್ಡ ಹುರುಪೆಯ ಮೀನುಗಳಿವೆಯಲ್ಲ, ಅದೇ ಕುಲ. ಅಲ್ಲಿ ಅದು ದೇವರ ಮೀನು, ಯಾರೂ ಗಾಳ ಹಾಕುವುದಿಲ್ಲ. ಕಾವೇರಿಯ ಬಿಳಿಮೀನಿಗೆ ಬೇರೆ ಯೋಗ ಇತ್ತು. ಅದು ಬೆನ್ನು ಉಬ್ಬಿದ ಮೀನು, ಕುಲದಲ್ಲೇ ಎಲ್ಲರಿಗಿಂತ ದೊಡ್ಡದಾಗಿ ಬೆಳೆಯುವಂಥದ್ದು. ದೊರೆಗಳ ಕಣ್ಣು ಅದರ ಮೇಲೆ ಬಿತ್ತು.

ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ ತಂದ. ತಮ್ಮ ದೇಶದ ಸಾಲ್ಮನ್‌ಗಿಂತ ಇಲ್ಲಿನ ಮಹಶೀರ್ ಜೊತೆ ಸೆಣಸುವುದೇ ಹೆಚ್ಚಿನ ಮಜಾ ಎಂಬ ಅವನ ಮಾತು ಬಿಳಿಯರಿಗೆಲ್ಲ ಹಿಡಿಸಿತು. ಆಮೇಲೆ ಕಾವೇರಿ ದಂಡೆಗೆ ಡೇರೆ ಹಾಕಿಕೊಂಡು ಬರುವವರು ಹೆಚ್ಚಾದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡು ತೂಗಿತು. ನಮ್ಮ ಲೆಕ್ಕದಲ್ಲಿ ಸುಮಾರು 54 ಕಿಲೊ, ಒಂದು ಮೂಟೆ ಸಿಮೆಂಟಿಗಿಂತ ಹೆಚ್ಚು. ಹುಲಿ, ಚಿರತೆಯ ಚರ್ಮ ಹದ ಮಾಡಿ ಜೀವ ಇದ್ದಂತೆ ನಿಲ್ಲಿಸುವುದರಲ್ಲಿ ಹೆಸರಾದ ಮನೆತನ ಅದು. ಗಾಳದಲ್ಲಿ ಹಿಡಿದ ಮಹಶೀರ್‌ಗಳಲ್ಲಿ ಆ ತೂಕವನ್ನೇ ದಾಖಲೆ ಎಂದು ಇಂದಿಗೂ ಹೇಳುತ್ತಾರೆ.

ಸ್ವಾತಂತ್ರ್ಯ ಬಂದ ಮೇಲೆ ದೊರೆಗಳು ಹೋದರು, ತೋಟೆ ಬಂತು. ಬಂಡೆ ಒಡೆಯುವ ತೋಟೆಗೆ ಬತ್ತಿ ಹಚ್ಚಿ ಮಡುವಿಗೆ ಎಸೆದರೆ ದೊಡ್ಡದು ಚಿಕ್ಕದು ಎಲ್ಲ ಹೊಟ್ಟೆ ಮೇಲಾಗಿ ತೇಲುತ್ತವೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ತೇಲಿದ್ದಕ್ಕಿಂತ ತಳಕ್ಕೆ ಮುಳುಗಿ ಕೊಳೆತದ್ದೇ ಹೆಚ್ಚು ಅಂತ ಹೊಳೆ ಬದಿಯ ಯಾರನ್ನು ಕೇಳಿದರೂ ಹೇಳುತ್ತಾರೆ. ಅಣೆಕಟ್ಟುಗಳು ಬೇರೆ, ಮೊಟ್ಟೆ ಇಡಲು ಮೇಲಕ್ಕೆ ಹತ್ತುವ ಮೀನಿನ ದಾರಿ ಕಟ್ಟಿದವು.

ಹೀಗಿರುವಾಗ 1972ರಲ್ಲಿ ಬೆಂಗಳೂರಿನಲ್ಲಿ ‘ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ’ ಹುಟ್ಟಿತು. ಇಂಗ್ಲಿಷ್ ಅಕ್ಷರ ಕೂಡಿಸಿ ಚಿಕ್ಕದಾಗಿ ‘ವಾಸಿ’ ಅನ್ನುತ್ತಾರೆ. ಕನ್ನಡದಲ್ಲಿ ವಾಸಿ ಅಂದರೆ ಕಾಯಿಲೆ ಗುಣವಾಗುವುದು. ಹೆಸರು ಇಟ್ಟವರಿಗೆ ಇದು ಹೊಳೆದಿತ್ತೋ ಇಲ್ಲವೋ, ಹೊಂದುವ ಹೆಸರು. ಹೆಸರಿನಲ್ಲಿ ವನ್ಯಜೀವಿ ಇದ್ದರೂ ಹೃದಯದಲ್ಲಿ ಇದು ಗಾಳಗಾರರ ಸಂಘ. ಶಿವನಸಮುದ್ರದ ಕೆಳಗೆ ಕಾವೇರಿಯ ಒಂದಷ್ಟು ಹರಿವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿತು.

ಕಾವಲಿಗೆ ಬಂದವರು ಯಾರು? ನದಿಯ ಒಳಗುಟ್ಟು ತಿಳಿದ ಅದೇ ಹಳ್ಳಿಗಳ ಜನ. ಅವರಲ್ಲಿ ಕೆಲವರು ಹಿಂದೆ ತೋಟೆ ಹಾಕಿದವರೇ. ಯಾವ ಮಡುವಿನಲ್ಲಿ ಮೀನಿದೆ, ಯಾವ ಬಂಡೆಯ ಹಿಂದೆ ಕಳ್ಳ ಕೂರುತ್ತಾನೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮುಂದೆ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯೂ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯಲ್ಲಿ ಗಾಳ ಶಿಬಿರ ನಡೆಸಿತು. ಹರಿಗೋಲು ಹಾಕುವವರು, ಅಡುಗೆಯವರು, ಗಾಳಕ್ಕೆ ದಾರಿ ತೋರಿಸುವವರು ಎಲ್ಲ ಸ್ಥಳೀಯರೇ. ಗಾಳಕ್ಕೆ ಚುಚ್ಚುವ ಎರೆ ಏನು ಗೊತ್ತೇ? ನಮ್ಮ ರಾಗಿ ಮುದ್ದೆ! ನಿಂಬೆಹಣ್ಣಿನ ಗಾತ್ರಕ್ಕೆ ಗಟ್ಟಿಯಾಗಿ ಉಂಡೆ ಕಟ್ಟುತ್ತಿದ್ದರು. ವಿಮಾನದಲ್ಲಿ ಬಂದ ಸಾಹೇಬರು ನಮ್ಮ ಮುದ್ದೆ ನಂಬಿ ಬಿಸಿಲಿನಲ್ಲಿ ಬಂಡೆ ಮೇಲೆ ಕೂರುತ್ತಿದ್ದರು.

ಒಂದೇ ಒಂದು ಕಟ್ಟುನಿಟ್ಟು: ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಫೋಟೊ ತೆಗೆದು ಮತ್ತೆ ನೀರಿಗೆ ಬಿಡಬೇಕು.

ತಿನ್ನದ ಮೀನು ಹಿಡಿಯುವುದೇಕೆ ಎಂದು ನಮ್ಮ ಅಜ್ಜಿಯಂದಿರು ನಕ್ಕಾರು. ಆದರೆ ಇಂಥ ಬುದ್ಧಿ ಬೇರೆ ಕಡೆಯೂ ಅದೇ ಹೊತ್ತಿಗೆ ಬಲಿಯುತ್ತಿತ್ತು. ಇಂಗ್ಲೆಂಡಿನ ಕೆರೆ ಹೊಳೆಗಳಲ್ಲಿ ಪೈಕ್ ಎಂಬ ಉದ್ದ ಮೂತಿಯ ಬೇಟೆಗಾರ ಮೀನಿದೆ. ಬೇರೆ ಮೀನು ತಿನ್ನುತ್ತದೆ ಎಂದು ಅದನ್ನು ಕಂಡಲ್ಲಿ ಕೊಲ್ಲುವ ರೂಢಿ ಅಲ್ಲಿತ್ತು. 1977ರಲ್ಲಿ ಅದರ ಗಾಳಗಾರರೇ ದೇಶಕ್ಕೆಲ್ಲ ಒಂದು ಪೈಕ್ ಸಂಘ ಕಟ್ಟಿ, ಗಾಯವಾಗದಂತೆ ಗಾಳ ಬಿಡಿಸುವುದು ಹೇಗೆ, ಜೀವಂತ ವಾಪಸ್ ಬಿಡುವುದು ಹೇಗೆ ಎಂದು ಪಾಠ ಹೇಳತೊಡಗಿದರು. ಅದೇ ಹೊತ್ತಿಗೆ ಆ ದೇಶದ ಮೂವರು ಗಾಳಗಾರರು ಊರೂರು ಸುತ್ತುತ್ತ ಕಾವೇರಿಗೆ ಬಂದು ದೊಡ್ಡ ಬಿಳಿಮೀನು ಹಿಡಿದರು. ಸುದ್ದಿ ಹಬ್ಬಿ ಹೊರದೇಶದವರ ಸಾಲು ಶುರುವಾಯಿತು.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ದುಡ್ಡು ಕೊಟ್ಟು ಬಂದವನು ಹಿಡಿದರೆ ಕ್ರೀಡೆ, ಹೊಳೆ ಬದಿಯವನು ಸಾರಿಗೆಂದು ಬಲೆ ಹಾಕಿದರೆ ಕಳ್ಳತನ. ತೋಟೆಯನ್ನೂ ಬಲೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ನನಗೆ ಸರಿ ಕಾಣುವುದಿಲ್ಲ. ಆದರೂ ಕಾವಲಿದ್ದ ಮಡುಗಳಲ್ಲಿ ಮೀನು ಉಳಿದದ್ದು ಸುಳ್ಳಲ್ಲ.

ಈಗ ತಪ್ಪಿನ ವಿಷಯಕ್ಕೆ ಬರೋಣ. ಮೀನು ಕಡಿಮೆಯಾಗುತ್ತಿದೆ, ಮರಿ ಬಿಟ್ಟು ಹೆಚ್ಚಿಸೋಣ ಎಂಬ ಯೋಚನೆ 1970ರ ದಶಕದಲ್ಲಿ ಬಂತು. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರು ತಮ್ಮ ಕೆರೆಯ ಬಳಿ ಮಹಶೀರ್ ಮೊಟ್ಟೆ ಮರಿ ಮಾಡಿಸುವುದನ್ನು ಕಲಿತಿದ್ದರು. ಅದು ದೊಡ್ಡ ಸಾಧನೆಯೇ. ಅಲ್ಲಿನ ಮರಿಗಳು ಕಾವೇರಿಗೂ ಬಂದವು. ಇಲಾಖೆಯೂ ಗಾಳಗಾರರೂ ಸಂತೋಷದಿಂದ ನೀರಿಗೆ ಬಿಟ್ಟರು. ಮಹಶೀರ್ ಅಂದರೆ ಮಹಶೀರ್ ತಾನೇ?

ಅಲ್ಲ. ಲೋಣಾವಳದ ನೀರು ಭೀಮೆಗೆ ಹೋಗಿ ಕೃಷ್ಣೆ ಸೇರುತ್ತದೆ. ಅಲ್ಲಿನದು ನೀಲಿ ರೆಕ್ಕೆಯ ಮಹಶೀರ್, ಕೃಷ್ಣೆಯ ಸಂಸಾರದ ಮೀನು. ಅಂದರೆ ನಮ್ಮ ಭದ್ರೆಯ ಕಡೆಯ ನಂಟ. ಗುಡ್ಡದ ಈಚೆಯದನ್ನು ಆಚೆ ಬಿಟ್ಟಂತಾಯಿತು. ಅದು ಅಲ್ಲಿ ಚೆನ್ನಾಗಿ ಬೇರೂರಿತು. ಗಾಳಕ್ಕೆ ಹೆಚ್ಚು ಹೆಚ್ಚು ಮೀನು ಬೀಳತೊಡಗಿದಾಗ ಕಾವಲು ಫಲ ಕೊಟ್ಟಿತು ಎಂದು ಎಲ್ಲರೂ ಹಿಗ್ಗಿದರು.

ನಿಜ ಹೇಳಿದ್ದು ಒಂದು ಲೆಕ್ಕದ ಪುಸ್ತಕ. ಗಾಳಿಬೋರೆ ಶಿಬಿರದಲ್ಲಿ ಯಾವ ದಿನ, ಎಷ್ಟು ಗಂಟೆ ಗಾಳ ಹಾಕಿದರು, ಎಂಥ ಮೀನು, ಎಷ್ಟು ತೂಕ ಎಂದು ಬರೆದಿಡುತ್ತಿದ್ದರು. ಏಡ್ರಿಯನ್ ಪಿಂಡರ್ ಮತ್ತು ಕೇರಳದ ರಾಜೀವ್ ರಾಘವನ್ ಮೊದಲಾದ ಸಂಶೋಧಕರು 1998ರಿಂದ 2012ರವರೆಗಿನ ಆ ಲೆಕ್ಕ ತೆಗೆದು ಕೂತರು. 23,620 ಗಂಟೆಗಳ ಗಾಳ, 6,161 ಮೀನು. ಒಟ್ಟು ಮೀನು ವರ್ಷದಿಂದ ವರ್ಷಕ್ಕೆ ಏರಿತ್ತು, ಆದರೆ ಏರಿದ್ದೆಲ್ಲ ನೀಲಿ ರೆಕ್ಕೆಯದು. ಉಬ್ಬು ಬೆನ್ನಿನ ಬಿಳಿಮೀನು ಅಪರೂಪವಾಗುತ್ತ ಬಂದಿತ್ತು. ಸಿಕ್ಕಿದವೂ ದೊಡ್ಡ, ಹಳೆಯ ಮೀನುಗಳು. ಮನೆಯಲ್ಲಿ ಮುದುಕರಷ್ಟೇ ಇದ್ದು ತೊಟ್ಟಿಲು ಖಾಲಿಯಾದ ಹಾಗೆ.

ಅಷ್ಟರಲ್ಲಿ ಶಿಬಿರಗಳ ಗಾಳವೇ ನಿಂತಿತ್ತು. ಆ ಹರಿವು ಬಹುಪಾಲು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮದ್ದು. ಹಿಡಿದು ಬಿಟ್ಟರೂ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಬೇಟೆಯೇ ಎಂಬ ಅರ್ಥ ಗಟ್ಟಿಯಾಗಿ, 2012ರ ಹೊತ್ತಿಗೆ ಗಾಳ ಬಂದ್ ಆಯಿತು. ಆ ಕಾಯ್ದೆಯೂ 1972ರದ್ದೇ, ಸಂಘದ ಓರಗೆಯದು. ಅಭಯಾರಣ್ಯದಲ್ಲಿ ಜಿಂಕೆಗೆ ಒಂದು ನ್ಯಾಯ, ಮೀನಿಗೆ ಇನ್ನೊಂದು ಏಕೆ ಎಂಬ ಪ್ರಶ್ನೆಗೆ ಉತ್ತರ ಸುಲಭವಲ್ಲ, ಒಪ್ಪುತ್ತೇನೆ. ಆದರೆ ಗಾಳದ ದುಡ್ಡಿನಿಂದ ನಡೆಯುತ್ತಿದ್ದ ಕಾವಲು ಹೋಯಿತು, ದಾರಿ ತೋರಿಸುತ್ತಿದ್ದವರ ಕೆಲಸ ಹೋಯಿತು, ಆ ಪುಸ್ತಕದಲ್ಲಿ ಹೊಸ ಸಾಲು ಬರೆಯುವುದೂ ನಿಂತಿತು. ಶಿಬಿರಗಳು ಈಗಲೂ ಇವೆ. ಜನ ಹೋಗಿ ತೆಪ್ಪದಲ್ಲಿ ಸುತ್ತಿ, ಹಕ್ಕಿ ನೋಡಿ ಬರುತ್ತಾರೆ.

ಇನ್ನೊಂದು ವಿಚಿತ್ರ ಕೇಳಿ. ನೂರಕ್ಕೂ ಹೆಚ್ಚು ವರ್ಷ ಜಗತ್ತೆಲ್ಲ ಹೊಗಳಿದ ಈ ಉಬ್ಬು ಬೆನ್ನಿನ ಮೀನಿಗೆ ವಿಜ್ಞಾನದಲ್ಲಿ ಸರಿಯಾದ ಹೆಸರೇ ಇರಲಿಲ್ಲ. ಹೆಸರಿಲ್ಲದ ಜೀವವನ್ನು ಅಳಿವಿನ ಪಟ್ಟಿಗೆ ಸೇರಿಸುವುದಾದರೂ ಹೇಗೆ? ರೇಷನ್ ಕಾರ್ಡಿನಲ್ಲಿ ಹೆಸರಿಲ್ಲದವನಿಗೆ ಅಕ್ಕಿ ಸಿಕ್ಕ ಹಾಗೆ. 2018ರಲ್ಲಿ ತಮಿಳುನಾಡಿನ ಮೋಯಾರ್ ಹೊಳೆಯಲ್ಲಿ ಸಿಕ್ಕ ಮೀನುಗಳನ್ನು ಪರೀಕ್ಷಿಸಿದ ಸಂಶೋಧಕರು, ಕೇರಳದ ಪಾಂಬಾರಿನಲ್ಲಿ ಸಿಕ್ಕ ಸಣ್ಣ ಮೀನುಗಳಿಗೆ 2007ರಲ್ಲೇ ಇಟ್ಟಿದ್ದ ‘ಟಾರ್ ರೇಮಾದೇವಿ’ ಎಂಬ ಹೆಸರೇ ಇದರದ್ದೂ ಎಂದು ತೋರಿಸಿದರು. ಮೋಯಾರ್, ಪಾಂಬಾರ್ ಎರಡೂ ಕಾವೇರಿ ಸಂಸಾರದ ಹೊಳೆಗಳೇ. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಕೆಂಪು ಪಟ್ಟಿಯ ಅತ್ಯಂತ ಅಪಾಯದ ಸಾಲಿಗೆ ಸೇರಿತು.

ನೀಲಿ ರೆಕ್ಕೆಯ ಮರಿ ತಂದು ಬಿಟ್ಟವರಿಗೆ ನಾನು ಬೈಯಲಾರೆ. ಮೂಡಿಗೆರೆಯ ತೇಜಸ್ವಿಯವರಿಂದ ಹಿಡಿದು ಲಕ್ಕವಳ್ಳಿ ಹಿನ್ನೀರಿನ ಹುಡುಗರ ತನಕ ನಮ್ಮ ಜಿಲ್ಲೆಯಲ್ಲಿ ಗಾಳದ ಹುಚ್ಚು ಇದ್ದವರು ಬಹಳ. ಯಾರ ಕೈಗಾದರೂ ಒಂದು ಕ್ಯಾನ್ ಮಹಶೀರ್ ಮರಿ ಕೊಟ್ಟು ಹೊಳೆಗೆ ಬಿಡಿ ಅಂದಿದ್ದರೆ, ಇದು ಯಾವ ಹೊಳೆಯದು ಎಂದು ಕೇಳುವ ಮೊದಲೇ ಬಿಟ್ಟಿರುತ್ತಿದ್ದೆವು. ಈಗಲೂ ಮಳೆಗಾಲದ ಆಚೀಚೆ ನಮ್ಮ ಕೆರೆ, ಹಿನ್ನೀರುಗಳಿಗೆ ಮೀನಿನ ಮರಿ ತಂದು ಸುರಿಯುತ್ತಾರೆ, ಫೋಟೊ ಪೇಪರಿನಲ್ಲಿ ಬರುತ್ತದೆ. ಮುಂದಿನ ಸಲ ನಿಮ್ಮೂರಿನಲ್ಲಿ ಬಿಡುವಾಗ ಹತ್ತಿರ ಹೋಗಿ ಕೇಳಿ: ಈ ಮರಿ ಗುಡ್ಡದ ಯಾವ ಕಡೆಯದು?