ಯಾವ ಜನ ಸ್ವಾಮಿ?

ನುಗ್ಗೇಹಳ್ಳಿಯ ನಮಗೆ ಘಟ್ಟ ದೂರ. ಆದರೆ ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ನಾಲೆಗೆ ಬರೋ ಹೇಮಾವತಿ ಹುಟ್ಟೋದು ಅಲ್ಲೇ. ಹಾಗಾಗಿ ಆ ಜಗಳ ನಮ್ಮದೂ ಹೌದು.

2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿ ಇಡೀ ಪಶ್ಚಿಮಘಟ್ಟವೇ ಸೂಕ್ಷ್ಮ ಅಂದಿತು. ಎಲ್ಲಿ ಏನು ಬೇಕು, ಬೇಡ ಅನ್ನೋದನ್ನ ಗ್ರಾಮಸಭೆಗಳ ಮುಂದಿಡಿ ಅಂತಲೂ ಹೇಳಿತು. ನಮಗೆ ಬೇಕಾದ ಮಾತು ಅದೇ, ಮೂಲೆಗೆ ಬಿದ್ದದ್ದೂ ಅದೇ. 2013ರಲ್ಲಿ ಕಸ್ತೂರಿರಂಗನ್ ಸಮಿತಿ ಉಪಗ್ರಹದ ಚಿತ್ರ ನೋಡಿ ಬೇರೆ ಗೆರೆ ಎಳೆಯಿತು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ನಮ್ಮ ಜಿಲ್ಲೆಯ ಸಕಲೇಶಪುರ, ಆಲೂರಿನ ಹಳ್ಳಿಗಳೂ ಅದರೊಳಗೆ.

2014ರಿಂದ 2024ರವರೆಗೆ ದಿಲ್ಲಿ ಆರು ಸಲ ಕರಡು ಹೊರಡಿಸಿತು. ಗದ್ದುಗೆಯಲ್ಲಿ ಯಾವ ಪಕ್ಷವಿದ್ದರೂ ಬೆಂಗಳೂರು ಒಪ್ಪಲಿಲ್ಲ. 2024ರ ಜುಲೈನಲ್ಲಿ ಶಿರಾಡಿಯಲ್ಲಿ ಗುಡ್ಡ ಜರುಗಿ ರಸ್ತೆ, ರೈಲು ನಿಂತವು. ಸೆಪ್ಟೆಂಬರ್ 26ಕ್ಕೆ ಸಂಪುಟ ವರದಿಯನ್ನೇ ತಿರಸ್ಕರಿಸಿತು. ಜನರ ಬದುಕಿಗೆ ಧಕ್ಕೆಯಂತೆ.

ಯಾವ ಜನ? ಕರಡಿನಲ್ಲಿ ನಿಷೇಧ ಇದ್ದದ್ದು ಗಣಿಗೆ, ಕಲ್ಲುಕ್ವಾರಿಗೆ, ಮರಳಿಗೆ, ಉಷ್ಣವಿದ್ಯುತ್ ಸ್ಥಾವರಕ್ಕೆ, ಹೊಲಸು ಉಗುಳುವ ಕಾರ್ಖಾನೆಗೆ, ದೊಡ್ಡ ಕಟ್ಟಡಕ್ಕೆ. ಸಣ್ಣ ಹಿಡುವಳಿದಾರನ ಹೆದರಿಕೆ ಸುಳ್ಳಲ್ಲ. ಕಾಡಿನ ಕಾನೂನಿನ ಹೆಸರಲ್ಲಿ ಒಕ್ಕಲೆಬ್ಬಿಸಿದ್ದನ್ನು ಅವನು ಕಂಡಿದ್ದಾನೆ. ಆದರೆ ತೋಟದ ಲೈನ್‌ಮನೆಯ ಕೂಲಿಯವಳಿಗೆ ಕಳೆದುಕೊಳ್ಳೋಕೆ ಒಂದು ಗುಂಟೆಯೂ ಇಲ್ಲ. ಗುಡ್ಡದ ಬುಡದಲ್ಲಿ ಇರೋದು ಮಾತ್ರ ಅವಳ ಸೂರು.